ದೊಡ್ಡ ಟ್ಯಾಂಕಿನ ಸಂಖ್ಯೆ

ಶನಿವಾರ, ಮಧ್ಯಾಹ್ನ

ಮಗಳೇ,

ನಿನಗೆ ಅಮ್ಮನ ಆಶೀರ್ವಾದ. ಅದು ಯಾವತ್ತೂ ಇದ್ದದ್ದೇ, ಮುಂದೆ ಬರೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನನ್ನ ಮಂಡಿನೋವು ಹಾಗೇ ಇದೆ, ಕೇಳಬೇಡ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ದನಿ ಏರಿಸುತ್ತೇನೆ, ಕೊನೆಗೆ ಇಬ್ಬರಲ್ಲಿ ಒಬ್ಬರು ಪಟ್ಟನೆ ಇಟ್ಟುಬಿಡುತ್ತೇವೆ. ಅದಕ್ಕೇ ಈ ಕಾಗದ.

ಗುರುವಾರ ಬೆಳಿಗ್ಗೆ ನಮ್ಮ ಶೆಡ್ಡಿಗೆ ಒಂದು ಹಳೆಯ ಸ್ಪೋರ್ಟ್ಸ್ ಕಾರು ಬಂತು. ಕೆಂಪು ಬಣ್ಣ, ಎರಡು ಬಾಗಿಲು, ಉದ್ದ ಮೂತಿ. ತಂದವರು ಒಬ್ಬ ಹಲ್ಲಿನ ಡಾಕ್ಟರು, ನಿನ್ನ ವಯಸ್ಸಿನ ಹೆಂಗಸು. ಕೊಳ್ಳುವ ಮುಂಚೆ ನಂಬರುಗಳನ್ನು ಓದಿಸಬೇಕು, ಈ ಕಾರುಗಳ ವಿಷಯದಲ್ಲಿ ನಿಮ್ಮ ಮಾತೇ ಕೊನೆಯಂತೆ ಎಂದರು. ಕೀಲಿಗೆ ಕಟ್ಟಿದ್ದ ಚೀಟಿಯ ಮೇಲೆ ನೀನೂ ನಿನ್ನ ಗಂಡನೂ ನಡೆಸುವ ಅಂಗಡಿಯ ಹೆಸರಿತ್ತು. ಮಾರುತ್ತಿರುವವಳು ನನ್ನ ಮಗಳು ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಆ ಹೆಸರು ಕಂಡ ಕೂಡಲೇ ಕನ್ನಡಕ ಒರೆಸಿಕೊಂಡೆ, ಅಷ್ಟೇ. ನಿನ್ನ ಗಂಡನ ಕೈಯಿಂದ ಬಂದ ವಸ್ತುವನ್ನು ನಾನು ಒಂದು ಸಲಕ್ಕೆ ನಂಬಿದವಳಲ್ಲ.

ಮೊದಲು ಕಾರಿನ ಚೌಕಟ್ಟಿನ ಮೇಲೆ ಕುಟ್ಟಿದ ಷಾಸಿ ನಂಬರು ನೋಡಿದೆ. ಎರಡನೆಯ ಅಕ್ಷರ ಮೇಲ್ಛಾವಣಿ ಮುಚ್ಚಿದ ಮಾದರಿ ಎನ್ನುತ್ತಿತ್ತು, ಕಾರೂ ಮುಚ್ಚಿದ್ದೇ. ಅಂಕಿಗಳು ಒಂದು ಮೇಲೆ ಒಂದು ಕೆಳಗೆ, ಕಾರ್ಖಾನೆಯವನು ಸುತ್ತಿಗೆ ಹಿಡಿದು ಒಂದೊಂದಾಗಿ ಕುಟ್ಟಿದ ಹಾಗೆಯೇ ಇದ್ದವು. ಕಳ್ಳ ನಂಬರು ಸಾಲಾಗಿ, ಶಿಸ್ತಾಗಿ ನಿಂತಿರುತ್ತದೆ. ಎಂಜಿನ್ನಿನ ನಂಬರೂ ಅದೇ ವರ್ಷದ್ದು. ಅಲ್ಲಿಗೆ ಕಾರು ನಿಜ, ಆದರೆ ಸಾಧಾರಣ ಕಾರು. ಅಂಥವು ಊರಿಗೆ ನಾಲ್ಕು ಸಿಗುತ್ತವೆ.

ಆಮೇಲೆ ಬಾನೆಟ್ಟಿನ ಒಳಗಿನ ಅಲ್ಯುಮಿನಿಯಂ ಫಲಕ. ಮೊದಲ ಗಿರಾಕಿ ಕಾರ್ಖಾನೆಗೆ ಏನೇನು ಹೆಚ್ಚಿಗೆ ಕೇಳಿಕೊಂಡಿದ್ದ ಎಂದು ಸಂಖ್ಯೆಗಳಲ್ಲಿ ಹೇಳುವ ಫಲಕ. ನೀನು ಮಗ್ಗಿಯ ಜೊತೆಗೇ ಬಾಯಿಪಾಠ ಮಾಡಿದವಳು: ಇನ್ನೂರ ಹದಿನಾಲ್ಕು ಕಪ್ಪು ತೊಗಲಿನ ಸೀಟು, ಮುನ್ನೂರ ಮೂವತ್ತು ಹಿಂದಿನ ಗಾಜಿನ ಮಂಜು ಕರಗಿಸುವ ಬಿಸಿತಂತಿ. ಎರಡೂ ಇದ್ದವು. ಮೂರನೆಯದು ರೇಸಿಗೆ ಹೋಗುವವರು ಹಾಕಿಸಿಕೊಳ್ಳುತ್ತಿದ್ದ ದೊಡ್ಡ ಪೆಟ್ರೋಲ್ ಟ್ಯಾಂಕಿನದು. ಆ ಒಂದು ಸಂಖ್ಯೆ ಇದ್ದರೆ ಸಾಧಾರಣ ಕಾರು ಅಪರೂಪದ್ದಾಗುತ್ತದೆ.

ನಮ್ಮ ಶೆಡ್ಡಿನ ಮೇಸ್ತ್ರಿ ಹಿಂದಿನಿಂದ ಇಣುಕಿ, "ಟ್ಯಾಂಕೂ ದೊಡ್ಡದೇ ಇದೆ, ಫಲಕಾನೂ ಅದನ್ನೇ ಹೇಳ್ತಿದೆ. ಇನ್ನೇನಮ್ಮಾ ಹುಡುಕ್ತಿದ್ದೀರಿ, ಚಿನ್ನಾನಾ?" ಎಂದ.

ಟ್ಯಾಂಕನ್ನು ಯಾರು ಬೇಕಾದರೂ ಆಮೇಲೆ ಕೂರಿಸಬಹುದು, ನಾನು ನೋಡುತ್ತಿದ್ದದ್ದು ಸಂಖ್ಯೆಯನ್ನು. ಫಲಕದ ಮೇಲೆ ಐನೂರ ಅರವತ್ತೆಂಟು ಎಂದಿತ್ತು.

ಈಗ ಕೇಳು. ಕಾರ್ಖಾನೆಯವರು ದೊಡ್ಡ ಟ್ಯಾಂಕಿಗೆ ಯಾವತ್ತೂ ಐನೂರ ಅರವತ್ತೆಂಟು ಎಂದು ಬರೆದಿಲ್ಲ. ಅದು ನಾನು ಕಟ್ಟಿದ ಸಂಖ್ಯೆ. ಆ ಟ್ಯಾಂಕಿನ ಕಾರು ನಮ್ಮಲ್ಲಿಗೆ ಬಂದದ್ದು ಒಂದೇ ಸಲ, ನೀನು ಹುಟ್ಟುವ ಮುಂಚೆ. ಫಲಕ ಓದಿದವರು ನಾನು ಮತ್ತು ನಿನ್ನ ಅಪ್ಪ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಕೇಳಲು ಬೇರೆ ಯಾರೂ ಇಲ್ಲ. ಅಪ್ಪ ಹೋದ ಮೇಲೆ ನಾನು ಯಾರಿಗೆ ಕೆಲಸ ಕಲಿಸಿದರೂ ಆ ಒಂದು ಸಂಖ್ಯೆಯ ಕೊನೆಯ ಅಂಕಿಯನ್ನು ಬದಲಿಸಿ ಕಲಿಸಿದೆ, ಒಬ್ಬೊಬ್ಬರಿಗೆ ಒಂದೊಂದು. ಎಂದಾದರೂ ಯಾರಾದರೂ ಕಳ್ಳ ಫಲಕ ಮಾಡಿದರೆ ಮೊದಲು ಕೈ ಹಾಕುವುದು ಅದಕ್ಕೇ ಎಂದು ಗೊತ್ತಿತ್ತು. ಮೇಸ್ತ್ರಿಗೆ ಐದು, ಹಿಂದಿನಿಂದ ಇಣುಕಿದವನು ಕೊನೆಯ ಅಂಕಿಯನ್ನು ಸರಿಯಾಗಿ ನೋಡಿರಲಿಲ್ಲ. ನಿನ್ನ ಗಂಡ ಸೀಟು ಹೊಲಿಯಲು ಬಂದು, ನಂಬರು ಓದುವುದನ್ನೂ ಕಲಿಸಿ ಎಂದು ಕೇಳಿದಾಗ ಅವನಿಗೆ ಮೂರು. ಎಂಟು ಕೊಟ್ಟದ್ದು ನಿನಗೊಬ್ಬಳಿಗೆ.

ಮಗಳಿಗೂ ಹಾಗೆ ಮಾಡಿದೆಯಾ ಎಂದು ನೀನು ಕೇಳುತ್ತೀಯ. ಹೌದು, ಮಾಡಿದೆ. ಎಲ್ಲರಿಗೂ ಒಂದೇ ತಕ್ಕಡಿ.

ಆದರೂ ಆವತ್ತು ನನ್ನ ಬುದ್ಧಿ ನಿನ್ನ ಕಡೆಗೆ ಹೋಗಲಿಲ್ಲ. ಗಂಡ ಹೆಂಡತಿ ಎಂದ ಮೇಲೆ ಮಾತು ಬರುತ್ತದೆ, ಹೊಲಿಗೆಯವನು ನಿನ್ನ ಬಾಯಿಂದ ಎಂಟನ್ನು ಕಿತ್ತುಕೊಂಡಿದ್ದಾನೆ ಎಂದುಕೊಂಡೆ. ನೀನು ನನ್ನನ್ನು ಬಿಟ್ಟು ಬೇರೆ ಅಂಗಡಿ ಹಾಕಿದ್ದೂ ಅವನ ಕಿವಿಯೂದಿಕೆಯಿಂದಲೇ ಎಂದು ಇಷ್ಟು ದಿನ ಕಂಡವರಿಗೆಲ್ಲ ಹೇಳಿದ್ದೇನೆ. ಡಾಕ್ಟರಿಗೆ, ಕಾರು ಇಲ್ಲೇ ಇರಲಿ, ಸೋಮವಾರ ಬನ್ನಿ, ಆಗ ಹೇಳುತ್ತೇನೆ ಎಂದು ಕಳಿಸಿದೆ. ಅವನನ್ನು ಹೇಗೆ ಹಿಡಿಯುವುದು ಎಂದು ಯೋಚಿಸುತ್ತಿದ್ದೆ.

ಹಿಡಿಯುವ ಕೆಲಸವೇ ಉಳಿಯಲಿಲ್ಲ. ಕಾರು ನನ್ನ ಹತ್ತಿರ ಬಂದಿದೆ ಎಂದು ಡಾಕ್ಟರಿಂದ ತಿಳಿದು ಈ ಬೆಳಿಗ್ಗೆ ಅವನೇ ಬಂದ. ಬಾಗಿಲಲ್ಲೇ ನಿಂತ. ಕೂರು ಅಂತ ನಾನು ಹೇಳಲಿಲ್ಲ, ಅವನು ಕೂರಲೂ ಇಲ್ಲ.

"ಅತ್ತೆ, ಆ ಫಲಕ ನಾನೇ ಮಾಡಿದ್ದು. ಅವಳಿಗೇನೂ ಗೊತ್ತಿಲ್ಲ. ಬಯ್ಯೋದಿದ್ರೆ ನನಗೇ ಬಯ್ಯಿರಿ" ಎಂದ.

"ಬಯ್ಯೋದು ಆಮೇಲೆ. ದೊಡ್ಡ ಟ್ಯಾಂಕಿಗೆ ಏನು ಅಂತ ಕುಟ್ಟಿದೆ?"

"ಐನೂರ ಅರವತ್ತಮೂರು. ನೀವೇ ಹೇಳಿಕೊಟ್ಟಿದ್ದಲ್ವಾ?"

ಒಂದು ಕ್ಷಣವೂ ತಡವರಿಸಲಿಲ್ಲ. ಕಾರು ಅವನ ಬೆನ್ನ ಹಿಂದೆಯೇ ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಅವನು ಆ ಫಲಕವನ್ನು ಒಂದು ಸಲವೂ ಓದಿರಲಿಲ್ಲ. ನೀನು ಏನೋ ಮಾಡಿದ್ದೀಯ ಎಂದಷ್ಟೇ ತಿಳಿದು, ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಂಡು ಬಂದಿದ್ದ.

ಮೇಸ್ತ್ರಿ ನನ್ನ ಮುಖ ನೋಡಿ ಚಹಾ ತರುತ್ತೇನೆಂದು ಹೊರಗೆ ಹೋದ. ಅವನು ಚಹಾ ತರುವವನೇ ಅಲ್ಲ.

ಫಲಕವನ್ನು ಮತ್ತೆ ನೋಡಿದೆ. ಕೆಲಸ ಅಚ್ಚುಕಟ್ಟು. ಫಲಕವನ್ನು ಬಿಗಿಯುವ ಹಳೆಯ ರಿವೆಟ್ಟುಗಳು, ಅಂಚಿನ ಸವೆತ, ಅಂಕಿಯ ಗುಳಿಯಲ್ಲಿ ಕಪ್ಪು ಜಿಡ್ಡು. ಬೇರೆ ಯಾರೇ ಆಗಿದ್ದರೂ ಮೋಸ ಹೋಗುತ್ತಿದ್ದರು. ನೀನು ಎಲ್ಲವನ್ನೂ ಎರಡೆರಡು ಸಲ ನೋಡಿಕೊಂಡಿದ್ದೀಯ, ಅಮ್ಮ ಹೇಳಿಕೊಟ್ಟ ಸಂಖ್ಯೆಯೊಂದನ್ನು ಬಿಟ್ಟು. ಅದನ್ನು ಅನುಮಾನಿಸಬೇಕೆಂದು ನಿನಗೆ ಹೊಳೆಯಲೇ ಇಲ್ಲ.

ಯಾಕೆ ಮಾಡಿದೆ ಎಂದು ಕೇಳುವುದಿಲ್ಲ, ನನಗೆ ಗೊತ್ತು. ಅಮ್ಮನ ಶೆಡ್ಡಿನಲ್ಲಿ ನೀನು ಎಂದೂ ಕಾಣದ ಕಾರು ನಿನ್ನ ಅಂಗಡಿಯಲ್ಲಿ ಕಾಣಿಸಬೇಕಿತ್ತು. ಆ ಸೊಕ್ಕು ಎಲ್ಲಿಂದ ಬಂತೆಂದು ದೂರ ಹುಡುಕಬೇಕಾಗಿಲ್ಲ. ಆದರೆ ನಾನು ಸೊಕ್ಕಿನಿಂದ ಜನರನ್ನು ಎದುರು ಹಾಕಿಕೊಂಡಿದ್ದೇನೆಯೇ ಹೊರತು ಒಂದು ಸುಳ್ಳು ಅಂಕಿಯನ್ನು ಕಾರಿನ ಮೇಲೆ ಕುಟ್ಟಿಲ್ಲ.

ಸೋಮವಾರ ಬೆಳಿಗ್ಗೆ ಡಾಕ್ಟರು ಬರುತ್ತಾರೆ. ಫಲಕ ಸುಳ್ಳು ಎಂದು ಹೇಳುತ್ತೇನೆ. ಯಾರು ಮಾಡಿದ್ದು ಎಂದು ಅವರು ಕೇಳಿದರೆ ಅದಕ್ಕೂ ಉತ್ತರ ಕೊಡುತ್ತೇನೆ, ನೀನು ನನ್ನ ಮಗಳು ಎಂಬುದನ್ನೂ ಸೇರಿಸಿ. ಆಮೇಲೆ ಈ ಊರಿನಲ್ಲಿ ನಿನ್ನ ಕೈಯಿಂದ ಯಾರೂ ಒಂದು ತಿರುಪು ಕೂಡ ಕೊಳ್ಳುವುದಿಲ್ಲ. ನಾಳೆ ಭಾನುವಾರ ಇಡೀ ದಿನ ನಿನ್ನದು. ಅವರ ಮನೆಗೆ ಹೋಗಿ ನೀನೇ ಹೇಳು. ಕಾರು ನಿಜ, ಫಲಕ ನಾನು ಮಾಡಿದ್ದು ಎನ್ನು. ಅತ್ತುಕೊಂಡು ಹೇಳಬೇಡ, ತಲೆಯೆತ್ತಿ ಹೇಳು. ಆಮೇಲೆ ಇಲ್ಲಿಗೆ ಬಂದು ರಿವೆಟ್ಟುಗಳನ್ನು ನಿನ್ನ ಕೈಯಿಂದಲೇ ಕೊರೆದು ತೆಗೆ. ಆಗ ಸೋಮವಾರ ನಾನು ಹೇಳುವುದೂ ನೀನು ಹೇಳಿದ್ದೂ ಒಂದೇ ಆಗಿರುತ್ತದೆ. ಆ ಸಾಧಾರಣ ಕಾರನ್ನು ಅವರು ಇಷ್ಟಪಟ್ಟು ಕೊಂಡರೆ ಕೊಳ್ಳಲಿ. ಚೆನ್ನಾಗಿ ಓಡುತ್ತದೆ, ನಾನೇ ಬೀದಿಯ ಕೊನೆಯವರೆಗೆ ಓಡಿಸಿ ನೋಡಿದೆ.

ಬರುವಾಗ ನನಗೆ ಸಮಾಧಾನ ಹೇಳುವ ಮಾತುಗಳನ್ನು ತರಬೇಡ. ಡ್ರಿಲ್ ತಾ, ನಮ್ಮದರ ಮೊನೆ ಮೊಂಡಾಗಿದೆ.

ಇಂತು ನಿನ್ನ
ಅಮ್ಮ

ವಿ.ಸೂ.: ಈ ಕಾಗದವನ್ನು ಅಳಿಯನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನ ಮಾತನ್ನು ನಾನು ನಂಬಿದೆ ಎಂದುಕೊಂಡು ಹೊರಗೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಾನೆ. ಊಟ ಹಾಕಿದ್ದೇನೆ, ಎರಡನೆಯ ಸಲ ಬಡಿಸಿದರೂ ಬೇಡ ಎನ್ನಲಿಲ್ಲ. ಲಕೋಟೆಗೆ ಅಂಟು ಹಚ್ಚಿಲ್ಲ. ದಾರಿಯಲ್ಲಿ ತೆರೆದು ಓದಿದನೇ ಎಂದು ನಾನು ಯಾವತ್ತೂ ಕೇಳುವುದಿಲ್ಲ. ನೀನೂ ನನಗೆ ಹೇಳಬೇಡ.