ಬಯಲಿಗೆ ಬೇಕಾಗಿದ್ದ ಸಮಾಧಿ

ನ್ಯಾಮತಿ
೯ ಫೆಬ್ರವರಿ ೧೯೪೧

ಚಿರಂಜೀವಿ ಸೌಭಾಗ್ಯವತಿ ಕಸ್ತೂರಮ್ಮನಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ಶಿವನ ದಯೆಯಿಂದ ಉಂಡು ತಿಂದು ಇದ್ದೇನೆ. ಜಗಳೂರಿನಲ್ಲಿ ನೀನು, ಅಳಿಯಂದಿರು, ಕೂಸು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೈ ಏಳಲಿಲ್ಲ, ಮನಸ್ಸಿಗೆ ತಂದುಕೊಳ್ಳಬೇಡ. "ಅಪ್ಪನನ್ನು ಮಣ್ಣು ಮಾಡುವಾಗಲೂ ನಾನು ಬೇಡವಾದೆನೇ ಅವ್ವಾ" ಎಂದು ಕೇಳಿದ್ದೀಯ. ಸಿಟ್ಟಾದರೆ ಆಗು, ಆದರೆ ಪೂರ್ತಿ ಓದು.

ಪ್ಲೇಗಿನ ಭಯಕ್ಕೆ ಊರನ್ನು ಹೊರಗೆ ಬೆಳೆಸಬೇಕೆಂದು ಕೆರೆ ಕೆಳಗಿನ ಗದ್ದೆ ಬಯಲಿನಲ್ಲಿ ಇನ್ನೂರು ಮನೆಯ ಬಡಾವಣೆ ನಿಗದಿಯಾದದ್ದು ನಿನಗೆ ತಿಳಿದಿದೆ. ಹಾಲು ತುಂಬಿದ ಭತ್ತದ ನಡುವೆ ಗೂಟ ಹೊಡೆದರೆ ಯಾರ ಹೊಟ್ಟೆ ಉರಿಯುವುದಿಲ್ಲ? ಎಲ್ಲರೂ ಅರ್ಜಿ ಕೊಟ್ಟರು, ಸಾಹೇಬರ ಕಾಲಿಗೆ ಬಿದ್ದರು. ಏನೂ ನಡೆಯಲಿಲ್ಲ. ಕೊನೆಗೆ ಬಸವರಾಜಪ್ಪಗೌಡರು ಒಂದು ದಾರಿ ಹುಡುಕಿದರು. ನಮ್ಮವರು ಹೊಲ ಗದ್ದೆಯಲ್ಲೇ ಮಣ್ಣು ಮಾಡುವುದುಂಟಲ್ಲ. ಸಮಾಧಿ ಇದ್ದ ನೆಲವನ್ನು ಸರ್ಕಾರದವರು ಮುಟ್ಟುವುದಿಲ್ಲ. ಬಯಲಿನ ನಟ್ಟನಡುವೆ, ತಮ್ಮ ಗದ್ದೆಯಲ್ಲಿ, ಒಂದು ಸಮಾಧಿ ಎದ್ದರೆ ಬಡಾವಣೆಯೇ ನಿಲ್ಲುತ್ತದೆ ಎಂದರು. ಊರಿನಲ್ಲಿ ಆಗ ಹಾಸಿಗೆ ಹಿಡಿದಿದ್ದವರು ನಿಮ್ಮಪ್ಪ ಒಬ್ಬರೇ.

ಆಮೇಲೆ ನಮ್ಮ ಮನೆಗೆ ಬರುವ ಮಂದಿಯನ್ನು ನೀನು ನೋಡಬೇಕಿತ್ತು. ಬೆಳಗಾದರೆ ಬಾಗಿಲಲ್ಲಿ, "ಹೆಂಗೈತ್ರೀ ಜೀವ?" ಸ್ವಲ್ಪ ಹಗುರ ಎಂದರೆ ಮುಖ ಸಪ್ಪಗೆ. ಗೌಡರ ಹೆಂಡತಿ ಲಕ್ಷ್ಮಕ್ಕನಂತೂ, "ಸರ್ವೆಯೋರು ಸೋಮವಾರ ಬರ್ತಾರಂತೆ ಶಿವಗಂಗಕ್ಕ, ಅಷ್ಟ್ರೊಳಗೆ ಏನಾರ..." ಎಂದು ನಿಲ್ಲಿಸಿದಳು.

"ಏನಾರ ಅಂದ್ರೆ?" ಎಂದೆ.

"ನಾನೇನು ಕೆಟ್ಟದ್ದು ಅಂದ್ನಾ? ಶಿವನಿಚ್ಛೆ ಅಂದೆ."

ಅಷ್ಟರಲ್ಲಾಗಲೇ ಗೌಡರು ತಮ್ಮ ಗದ್ದೆಯಲ್ಲಿ ಗುಂಡಿ ತೋಡಿಸಿ, ದನ ಬೀಳದಂತೆ ಮೇಲೆ ಮುಳ್ಳು ಮುಚ್ಚಿದ್ದರು.

ಶುಕ್ರವಾರ ನಿಮ್ಮಪ್ಪ ಎದ್ದು ಕುಳಿತು ಒಂದು ಬಟ್ಟಲು ಗಂಜಿ ಕುಡಿದರು. ನನಗೆ ಹಬ್ಬ. ಆ ಹೊತ್ತಿಗೆ ಗೌಡರು ಬಂದರು. "ಏನ್ ಪಂಚಾಕ್ಷರಪ್ಪನೋರೇ, ಎದ್ದು ಕುಂತೀರಿ?"

"ತಪ್ಪಾತು ಗೌಡ್ರೇ. ಇನ್ನೆಲ್ಡು ದಿನ ವಾಯಿದೆ ಕೊಡ್ರಿ, ನೋಡಾನ" ಎಂದರು ನಿಮ್ಮಪ್ಪ. ಜಗುಲಿಯ ಮೇಲಿದ್ದವರೆಲ್ಲ ನಕ್ಕರು. ಗೌಡರು ನಗಲಿಲ್ಲ.

ಅವರು ಹೊರಡುವಾಗ ಕೈ ಮುಗಿದು ಹೇಳಿದೆ: ಮಗಳನ್ನು ನೋಡಬೇಕೆಂದು ಹಂಬಲಿಸುತ್ತಿದ್ದಾರೆ, ಹೊನ್ನಾಳಿಯಿಂದ ಒಂದು ತಂತಿ ಕೊಡಿಸಿ ಎಂದು. "ಇವತ್ತೇ ಕೊಡಿಸ್ತೀನಿ ಬಿಡವ್ವ, ಕಸ್ತೂರಿ ನನ್ ಮಗಳಿದ್ದಂಗೆ" ಎಂದರು. ಅದಕ್ಕೇ ನಿನಗೆ ಬೇರೆ ಯಾರ ಕೈಲೂ ಹೇಳಿ ಕಳಿಸಲಿಲ್ಲ.

ಶನಿವಾರದಿಂದ ನಿಮ್ಮಪ್ಪ ಗಂಜಿಗೆ ಬಾಯಿ ತೆರೆಯಲಿಲ್ಲ. ಬೇಡಿದೆ, ಬೈದೆ. "ಸಾಕು ಕಣೇ, ಊರ ಕೆಲಸ ಆಗ್ಲಿ" ಎಂದರು. ಊರಿಗಾಗಿ ಜೀವ ಬಿಡುತ್ತಿದ್ದಾರೆಂದು ತಿಳಿದೆ. ಭಾನುವಾರ ದೀಪ ಹಚ್ಚುವ ಹೊತ್ತಿಗೆ ಶಿವನ ಪಾದ ಸೇರಿದರು.

ಮಗಳು ಬರಲಿ, ಒಂದು ಹಗಲು ಕಾಯಿರಿ ಎಂದು ಅತ್ತೆ. "ಹೆಣ ಕಾಯ್ತೈತೆ, ಸರ್ವೆ ಕಾಯಾಕಿಲ್ಲ" ಎಂದರು ಗೌಡರು. ಹಾಗಿದ್ದರೆ ನಮ್ಮ ಗದ್ದೆಯಲ್ಲಾದರೂ ಇಡಿ ಎಂದೆ. ಅದು ಬಯಲಿನ ಅಂಚು, ಪ್ರಯೋಜನವಿಲ್ಲ ಎಂದರು. ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗ ಇಟ್ಟು, ಗೌಡರ ಗದ್ದೆಯಲ್ಲಿ ಕೂರಿಸಿ ಮಣ್ಣೆಳೆದರು. ಸೋಮವಾರ ಸರ್ವೆಯವರು ಹಸಿ ಮಣ್ಣು ನೋಡಿ ಸರಪಳಿ ಸುತ್ತಿಕೊಂಡು ಹೋದರು. ಗೌಡರ ಮನೆಯಲ್ಲಿ ಹೋಳಿಗೆ ಮಾಡಿದ್ದರು. ನನಗೂ ಕಳಿಸಿದ್ದರು.

ಸಂಕ್ರಾಂತಿಗೆ ಹೊಸ ನಕಾಶೆ ಬಂತು. ನಡುವಿನ ಗದ್ದೆಗಳನ್ನು ಸಮಾಧಿ ಸಮೇತ ಬಿಟ್ಟಿದ್ದಾರೆ. ಮನೆಗಳೆಲ್ಲ ಅಂಚಿಗೆ. ಮೊದಲು ಹೋಗುವುದು ನಮ್ಮ ಗದ್ದೆ. ತಮ್ಮ ತಕರಾರಿಲ್ಲವೆಂದು ನಡುವಿನವರೆಲ್ಲ ರುಜು ಹಾಕಿದರು, ಗೌಡರದೇ ಮೊದಲನೆಯದು.

ಅವರ ಮನೆಗೆ ಹೋಗಿ, "ನಿಮ್ಮ ಗದ್ದೆಗೆ ನನ್ನ ಯಜಮಾನರನ್ನು ಕೊಟ್ಟೆ. ನನ್ನ ಗದ್ದೆ ಉಳಿಸಿಕೊಡ್ರಿ" ಎಂದೆ.

ಅಡಿಕೆ ಕತ್ತರಿಸುತ್ತ ಅಂದರು, "ನಿನ್ ಗದ್ದೆಯಾಗೂ ಒಂದು ಸಮಾಧಿ ಇದ್ದಿದ್ರೆ ಉಳೀತಿತ್ತಲ್ಲವ್ವ."

ಈಗ ಸೋಮವಾರ ದೀಪ ಇಡಲು ಹೋಗಬೇಕಾದರೂ ಅವರ ಅಪ್ಪಣೆ ಕೇಳುತ್ತೇನೆ. ಪೈರು ತುಳಿಯಬೇಡ ಎನ್ನುತ್ತಾರೆ.

ಕೂಸಿಗೆ ವಿಭೂತಿ ಹಚ್ಚದೆ ಹೊರಗೆ ಕರೆದೊಯ್ಯಬೇಡ. ಅಳಿಯಂದಿರಿಗೆ ಶರಣು ಹೇಳು. ನಿನ್ನ ಮನೆಯ ಒಲೆ ಎಂದೂ ಆರದಿರಲಿ, ಮಗಳೇ.

ನಿನ್ನ ಅವ್ವ
ಶಿವಗಂಗಮ್ಮ

ಮರೆತ ಮಾತಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು: ಮೊನ್ನೆ ಲಕ್ಷ್ಮಕ್ಕ ಗಂಡನ ಮೇಲಿನ ಸಿಟ್ಟಿಗೆ ಬಾಯಿಬಿಟ್ಟಳು. ಗೌಡರು ತಂತಿ ಕೊಡಿಸಲೇ ಇಲ್ಲವಂತೆ. ಮಗಳ ಮುಖ ಕಂಡರೆ ಮುದುಕ ಜೀವ ಗಟ್ಟಿ ಹಿಡಿಯುತ್ತಾನೆ ಎಂದರಂತೆ. ಶನಿವಾರ ನಾನು ನೀರಿಗೆ ಹೋದಾಗ ಗೌಡರೇ ಒಳಗೆ ಬಂದು ನಿಮ್ಮಪ್ಪನಿಗೆ ಹೇಳಿದ್ದು ಇದು: "ತಂತಿಗೆ ಉತ್ತರ ಬಂತು. ಕಸ್ತೂರಿ ಬರಾಕಿಲ್ಲಂತೆ." ನಿಮ್ಮಪ್ಪ ಅದನ್ನು ನನ್ನ ಹತ್ತಿರ ಆಡಲಿಲ್ಲ. ಗೋಡೆ ಕಡೆ ಮುಖ ಮಾಡಿಕೊಂಡು ಒಂದೇ ಒಂದು ಸಲ ಕೇಳಿದರು, "ಕಸ್ತೂರಿಗೆ ನಾನೇನಾರ ಅಂದಿದ್ನೇನೇ?" ಇಲ್ಲವಲ್ಲ, ಯಾಕೆ ಎಂದೆ.