ಈಶಪ್ಪನಿಗೊಂದು ಯಂತ್ರ

ಜೂನ್ ೧೮, ಬೆಳಗ್ಗೆ ಆರು

ತಾಂಡೂರಿನ ತಂಗಿ ಮಾಣಿಕಮ್ಮನಿಗೆ ಪತ್ರ ಬರೆದು ಮುಗಿಸಿದೆ. ಆರಂಭವೇ ಕ್ಷಮಾಪಣೆ. ತಮ್ಮ ಈಶಪ್ಪನ ಬಲಪಾದವನ್ನು ತೆಗೆದದ್ದು ಫೆಬ್ರವರಿ ಹನ್ನೊಂದರಂದು ಎಂದು ಹಿಂದಿನ ಪತ್ರದಲ್ಲಿ ತಿಳಿಸಿದ್ದೆ. ಹನ್ನೆರಡು ಎಂದಿರಬೇಕಿತ್ತು, ಹನ್ನೊಂದು ಆಸ್ಪತ್ರೆಗೆ ಸೇರಿಸಿದ ದಿನ. ತಮ್ಮನ ವಿಷಯದಲ್ಲಿ ಒಂದು ದಿನವೂ ತಪ್ಪಬಾರದು.

ಸಕ್ಕರೆ ಕಾಯಿಲೆ. ಬೆರಳಿನ ಗಾಯ ಮಾಯಲೇ ಇಲ್ಲ. ಈಗ ಕೃತಕ ಪಾದ ಧರಿಸಿ ನಡೆಯುತ್ತಾನೆ — ನಿಧಾನವಾಗಿ, ಗೋಡೆಯನ್ನು ಹಿಡಿಯದೆ.

ಮೃಗಶಿರಾ ಮಳೆ ಚೆನ್ನಾಗಿ ಬಂದಿದೆ. ಹದಿನಾಲ್ಕು ಎಕರೆ ಮಾವಿನ ತೋಟದಲ್ಲಿ ಹುಲ್ಲು ಮೊಳಕಾಲೆತ್ತರ. ಹನಿ ನೀರಾವರಿಯ ಕೊಳವೆಗಳು ಕಾಣುವುದಿಲ್ಲ; ಹಾವು ಕಂಡಿತೆಂದು ಆಳುಗಳು ಒಳಗೆ ಕಾಲಿಡುವುದಿಲ್ಲ. ಕಳೆದ ವರ್ಷದವರೆಗೂ ಯಂತ್ರವನ್ನು ಹೆಗಲಿಗೆ ತೂಗುಹಾಕಿಕೊಂಡು ಈಶಪ್ಪನೇ ಹುಲ್ಲು ಕತ್ತರಿಸುತ್ತಿದ್ದ. ಇನ್ನು ಅಷ್ಟು ಹೊತ್ತು ನಿಲ್ಲಲಾರ. ಕುಳಿತು ನಡೆಸುವ ಯಂತ್ರವೊಂದನ್ನು ಆರಿಸಬೇಕು. ನಾನೇ ಆರಿಸುತ್ತೇನೆ. ತೋಟ ಕೈತಪ್ಪಿದರೆ ಈಶಪ್ಪ... ಬೇಡ, ಆ ಮಾತು.

ಜೂನ್ ೨೨

ಯಂತ್ರಗಳ ವಿವರಪತ್ರಗಳನ್ನು ಹರಡಿಕೊಂಡು ಕುಳಿತಿದ್ದೆ. ಕತ್ತರಿಸುವ ಅಗಲ, ಎಂಜಿನ್ನಿನ ಬಲ, ಇಳಿಜಾರಿನಲ್ಲಿ ನಿಲ್ಲುವ ಸಾಮರ್ಥ್ಯ — ಎಲ್ಲವನ್ನೂ ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಬರೆದುಕೊಂಡೆ. ‘ಪೆಡಲ್’ ಎಂಬುದಕ್ಕೆ ಮಾತ್ರ ತೃಪ್ತಿಕರವಾದ ಪದ ದೊರೆಯಲಿಲ್ಲ.

ಈಶಪ್ಪ ಬಾಗಿಲಲ್ಲಿ ನಿಂತ.

“ಅಣ್ಣಾ, ಆ ಮಷೀನ್ ಚಲಾಯ್ಸದು ಹ್ಯಾಂಗಂದ್ರ—”

“ಚಲಾಯಿಸುವುದು ಹೇಗೆಂದರೆ. ಹಾಗೆ ಹೇಳು.”

“ಹೌದ್ರಿ.”

ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದ. ಮುಖ್ಯವಾದ ವಿಷಯವಾಗಿದ್ದರೆ ಹೇಳಿಯೇ ಹೋಗುತ್ತಿದ್ದ. ಬಾಲ್ಯದಿಂದಲೂ ಮಿತಭಾಷಿ.

ಅಡುಗೆಮನೆಯಿಂದ ಗುರುಲಿಂಗಮ್ಮನ ಟೀಕೆ: “ಮದುವ್ಯಾಗಿ ಬಂದಾಗಿಂದ ನೋಡಾಕತ್ತೀನಿ. ಮನಷ್ಯಾರು ಮಾತಾಡಿದ್ರ ಪರೀಕ್ಷಾ ಪೇಪರ್ ತಿದ್ದಿದಂಗ ತಿದ್ತೀರಿ. ಸಾಲಿ ಬಿಟ್ಟು ಹದಿನಾರು ವರ್ಸ ಆತ್ರಿ, ಗಂಟಿ ಹೊಡದು ಮುಗದದ!”

ಹೆಂಡತಿಯನ್ನು ತಿದ್ದುವುದನ್ನು ಎಂದೋ ಕೈಬಿಟ್ಟಿದ್ದೇನೆ.

ಜೂನ್ ೨೭, ಸಂಜೆ

ಈಶಪ್ಪನನ್ನು ಕರೆದುಕೊಂಡು ಜಹೀರಾಬಾದಿಗೆ ಹೋಗಿ ಬಂದೆ. ಯಂತ್ರದಂಗಡಿಯ ಕಾಶಿನಾಥ ನನ್ನ ಹಳೆಯ ವಿದ್ಯಾರ್ಥಿ. ಅಂಗಳದಲ್ಲಿ ಮೂರು ಯಂತ್ರಗಳು. ಎರಡಕ್ಕೆ ಕಾರಿಗಿರುವಂತೆ ತಿರುಗುಚಕ್ರ, ಕಾಲ ಬಳಿ ಪೆಡಲ್. ಮೂರನೆಯದಕ್ಕೆ ಚಕ್ರವೂ ಇಲ್ಲ, ಪೆಡಲೂ ಇಲ್ಲ. ಕುಳಿತವನ ಎರಡು ಪಕ್ಕಕ್ಕೆ ಒಂದೊಂದು ಉದ್ದನೆಯ ಹಿಡಿ. ಎರಡನ್ನೂ ದೂಡಿದರೆ ಮುಂದಕ್ಕೆ ಹೋಗುತ್ತದೆ. ಒಂದನ್ನೇ ದೂಡಿದರೆ ತಿರುಗುತ್ತದೆ.

“ಮಾಸ್ತರ್ರೇ, ಹ್ಯಾಂಡಲಿಂದು ಕಲಿಯೋತನ ಜರಾ ತ್ರಾಸ ಅದರಿ. ಸ್ಟೇರಿಂಗಿಂದು ಒಯ್ರಿ, ಮಂದಿ ಅದನ್ನೇ ಒಯ್ತಾರ” ಎಂದ ಕಾಶಿನಾಥ.

ಅಷ್ಟರಲ್ಲಿ ಈಶಪ್ಪ ಮೂರನೆಯದನ್ನು ಏರಿ ಕುಳಿತಿದ್ದ. ಎರಡೂ ಹಿಡಿಗಳನ್ನು ಹಿಡಿದು ಹಿಂದೆ ಮುಂದೆ ಆಡಿಸುತ್ತಿದ್ದ.

“ಇಳಿಯಪ್ಪಾ. ಎತ್ತಿನ ಕೊಂಬು ಹಿಡಿದು ಕುಳಿತಂತೆ ಕಾಣುತ್ತದೆ. ನೋಡಿದವರು ನಗುತ್ತಾರೆ.”

ಇಳಿದ.

ತಿರುಗುಚಕ್ರದ ಎರಡರಲ್ಲಿ ಅಗಲವಾಗಿ ಕತ್ತರಿಸುವುದನ್ನು ಆರಿಸಿದೆ. ಈಶಪ್ಪನ ಅಭಿಪ್ರಾಯವನ್ನೂ ಕೇಳಿದೆ.

“ನೀವು ನೋಡೀರಂದ್ರ ಆತ್ರಿ ಅಣ್ಣಾ.”

ಸಮ್ಮತಿಸಿದ. ಒಳ್ಳೆಯ ಕೆಲಸವಾಯಿತು.

ಜುಲೈ ೩

ಯಂತ್ರ ಬಂದಿತು. ತೆಂಗಿನಕಾಯಿ, ಚಕ್ರದಡಿ ನಿಂಬೆಹಣ್ಣು. ಆಳುಗಳೆಲ್ಲ ಸೇರಿದ್ದರು. ಈಶಪ್ಪ ಹೊಸ ಅಂಗಿ ತೊಟ್ಟಿದ್ದ.

ಪೆಡಲ್ ಇರುವುದು ಬಲಗಾಲಿಗೆ. ಅದನ್ನು ನಾನು ಗಮನಿಸಿದ್ದು ಆಗ.

ಒತ್ತಿದ್ದು ಎಷ್ಟು, ಬಿಟ್ಟದ್ದು ಎಷ್ಟು — ಕೃತಕ ಪಾದಕ್ಕೆ ತಿಳಿಯದು. ಯಂತ್ರ ಜಿಗಿಯಿತು, ನಿಂತಿತು, ಮತ್ತೆ ಜಿಗಿಯಿತು. ಎಡಗಾಲನ್ನು ಅಡ್ಡ ಹಾಕಿ ಒತ್ತಲು ನೋಡಿದ. ಮೊಳಕಾಲು ತಿರುಗುಚಕ್ರದ ಕಂಬಕ್ಕೆ ಸಿಕ್ಕಿಕೊಂಡಿತು. ಸಾಲು ಬಿಟ್ಟು ಓಡಿ, ನೀರಿನ ಕೊಳವೆಯನ್ನು ಕೊಯ್ದು, ಮರದ ಬೊಡ್ಡೆಗೆ ತಾಗಿ ನಿಂತಿತು. ನೀರು ಚಿಮ್ಮಿತು. ಯಾರೋ ನಕ್ಕರು.

“ರೂಢಿಯಾಗುತ್ತದೆ” ಎಂದೆ.

“ಆಗ್ತದ್ರಿ” ಎಂದ. ಇಳಿದು ಬಂದು ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟ. ಒದ್ದೆ ಅಂಗಿಯಲ್ಲೇ ತೋಟದ ಇನ್ನೊಂದು ತುದಿಗೆ ನಡೆದುಹೋದ.

ಜುಲೈ ೫

ಮಳೆ. ಯಂತ್ರಕ್ಕೆ ತಾಡಪತ್ರಿ ಹೊದಿಸಿದೆ. ಈಶಪ್ಪ ಊಟಕ್ಕೆ ಬರಲಿಲ್ಲ.

ಜುಲೈ ೨೪

ಬರೆಯುವ ಮನಸ್ಸಾಗಿರಲಿಲ್ಲ.

ಯಂತ್ರವನ್ನು ಈಗ ಹೊಸ ಆಳು ಪೀರಪ್ಪ ನಡೆಸುತ್ತಾನೆ. ನಾರಾಯಣಖೇಡದ ಕಡೆಯ ಕಲ್ಹೇರಿನವನು. ಅಚ್ಚುಕಟ್ಟಾದ ಕೆಲಸ. ತೋಟ ಕ್ಷೌರ ಮಾಡಿಸಿಕೊಂಡಂತಿದೆ.

ಹತ್ತೊಂಬತ್ತರಂದು ಈಶಪ್ಪ ತಾಂಡೂರಿಗೆ ಹೋದ. ಮಾಣಿಕಮ್ಮನ ಗಂಡನಿಗೆ ಅಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಿದೆ. ಗೇಟಿನಲ್ಲಿ ಕುಳಿತು ಲಾರಿಗಳ ಲೆಕ್ಕ ಬರೆಯುವ ಕೆಲಸವಂತೆ. ಅವನಾಗಿಯೇ ಹೋದ. ನಾನು ತಡೆದೆ.

ಆಗಸ್ಟ್ ೬

ಈಶಪ್ಪನ ಮಗಳು ಸ್ವರೂಪಾ ಬೀದರಿನ ಆಸ್ಪತ್ರೆಯೊಂದರಲ್ಲಿ ದಾದಿ. ದಿನವೂ ಹೋಗಿ ಬರುತ್ತಾಳೆ. ಈ ಸಂಜೆ ಬಸ್ಸಿಳಿದವಳು ನೇರವಾಗಿ ನನ್ನ ಕೋಣೆಗೆ ಬಂದಳು. ಹೆಗಲ ಚೀಲವನ್ನೂ ಇಳಿಸಲಿಲ್ಲ.

“ದೊಡ್ಡಪ್ಪ, ಒಂದು ಮಾತ ಹೇಳ್ತೀನಿ. ನಡುವ ತಿದ್ದಬ್ಯಾಡ್ರಿ.”

“ಹೇಳಮ್ಮ.”

“ಅಪ್ಪಗ ಕೈಲಿಂದ ನಡಸೋ ಮಷೀನ್ ಬೇಕಾಗಿತ್ತು. ನಾನೇ ಮೊಬೈಲ್ದಾಗ ತೋರ್ಸಿದ್ದೆ. ನಿಮಗ ಹೇಳಾಕಂತ ಈ ಬಾಗಲಿಗೇ ಬಂದಿದ್ದ. ಹೊಳ್ಳಿ ಬಂದು, ಅಣ್ಣ ಕೆಲಸದಾಗ ಅದಾರ ಅಂದ.”

“ಅಂಗಡಿಯಲ್ಲಿ ನಾನು ಕೇಳಿದೆನಲ್ಲ?”

“ಆರ್ಸಿ ಮುಗದ ಮ್ಯಾಲ ಕೇಳಿದ್ರಿ. ನಿಮ್ಮ ಕೈಯಾಗ ಓದಿದ ಹುಡುಗನ ಮುಂದ, ಅಣ್ಣಾ ಇದು ಬ್ಯಾಡ್ರಿ ಅಂತಾನೇನ್ರಿ ಅಪ್ಪ? ನಾಲ್ಕು ಮಂದ್ಯಾಗ ಹಿರೇರ ಮಾತ ಮುರೀಬಾರ್ದು ಅಂತ ನಮ್ಮ ಮನ್ಯಾಗ ಯಾರ ಕಲಿಸ್ಯಾರ?”

ನಾನು ಕಲಿಸಿದ್ದೇನೆ. ಎಲ್ಲರಿಗೂ. ಈಶಪ್ಪನಿಗೆ ಎಲ್ಲರಿಗಿಂತ ಮೊದಲು.

“ಚಹಾ ಕುಡಿದು ಹೋಗು” ಎಂದೆ. ಕುಡಿಯಲಿಲ್ಲ.

ಆಗಸ್ಟ್ ೧೧

ಮತ್ತೆ ಜಹೀರಾಬಾದ್. ಹಿಡಿಯ ಯಂತ್ರ ಇನ್ನೂ ಮಾರಾಟವಾಗಿಲ್ಲ. ನಾನೇ ಏರಿ ಕುಳಿತೆ. ಪಾದಗಳಿಗೆ ಏನೂ ಕೆಲಸವಿಲ್ಲ; ಸುಮ್ಮನೆ ಹಲಗೆಯ ಮೇಲೆ ಇಟ್ಟುಕೊಂಡಿರಬಹುದು.

“ಏನ್ರಿ ಮಾಸ್ತರ್ರೇ, ಈಗ ಎತ್ತಿನ ಕೊಂಬು ಅನ್ನಂಗಿಲ್ಲೇನ್ರಿ?” ಎಂದು ಕಾಶಿನಾಥ ನಕ್ಕ. ಬಳಿಕ ದನಿ ತಗ್ಗಿಸಿ, “ಹಳೇದು ವಾಪಸ್ ತಗೋತೀನ್ರಿ. ಆದ್ರ ಮೊದಲ ಕಾಕಾ ಬಂದು ಕೂತು ನೋಡ್ಲಿ. ನಡಸವ್ರು ಅವ್ರಲ್ರಿ?”

ತಾಂಡೂರಿಗೆ ದೂರವಾಣಿ ಮಾಡಿದೆ.

“ಆರಾಮ ಅದೀನ್ರಿ ಅಣ್ಣಾ. ನೀವು ನೋಡೀರಂದ್ರ ಆತ್ರಿ.”

ಅಷ್ಟೇ. ಹಿಂದೆ ಲಾರಿಯ ಸದ್ದು.

ಆಗಸ್ಟ್ ೨೫, ತಾಂಡೂರು

ತಿಳಿಸದೆ ಬಂದೆ. ರಸ್ತೆಯ ಮೇಲೆಲ್ಲ ಕಲ್ಲಿನ ಹುಡಿ. ಗೇಟಿಗೆ ಅಡ್ಡವಾಗಿ ಲಾರಿಯೊಂದು ನಿಂತಿತ್ತು. ಅದರ ಮರೆಯಲ್ಲಿ ನಿಂತೆ. ಒಳಗೆ ಯಾರೋ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದರು. ಯಾರೆಂದು ತಿಳಿಯಲು ಹೊತ್ತು ಹಿಡಿಯಿತು.

“ಅರೆ ಭಾಯಿ, ಲಗ್ನದಾಗ ಮದಲಿಂಗನ ಹೊತ್ಕೊಂಡು ಕುದುರಿ ಓಡ್ತದಲ್ಲ, ಹಂಗ ಓಡ್ತು ನೋಡು! ಹೊಸ ಅಂಗಿ ಬ್ಯಾರೆ ಹಾಕ್ಕೊಂಡೀನಿ. ನಾ ಠೈರೋ ಠೈರೋ ಅಂತೀನಿ, ಅದು ಯಾರಪ್ಪನ ಮಾತ ಕೇಳ್ತದ? ಮಾವಿನ ಗಿಡಾನೇ ಬ್ರೇಕ್ ಆತು!”

ನಗು. ಒಬ್ಬ ಕೇಳಿದ: “ನಿಮ್ಮಣ್ಣ ಏನಂದ್ರು ಕಾಕಾ?”

“ರೂಢಿಯಾಗುತ್ತದೆ.”

ಈಶಪ್ಪನ ಬಾಯಲ್ಲಿ ನನ್ನದೇ ದನಿ. ಉಸಿರೂ ನನ್ನದೇ. ಲಾರಿಯವರು ಬಿದ್ದು ಬಿದ್ದು ನಕ್ಕರು.

“ಏ, ಸಾಕು ಬಿಡ್ರೋ. ಅವ್ರು ನನ್ನ ಸಲುವಾಗೇ ತಂದಿದ್ರು. ಪಾಪ, ಎಷ್ಟು ಓದಿ ಓದಿ ತಂದಿದ್ರು.”

ಮಾಣಿಕಮ್ಮ ನನ್ನನ್ನು ಕಂಡು ಹೊರಗೆ ಬಂದಳು. “ಇಲ್ಲ್ಯಾಕ ನಿಂತೀಯೋ ಅಣ್ಣಾ, ಒಳಗ ಬಾ. ಇಂವಂದು ಮುಂಜಾನಿಂದ ಸಂಜಿತನ ಇದೇ ಬಾಯಿ. ನಮ್ಮೆಲ್ಲರ ತಲಿ ತಿಂದಾನ. ಸಣ್ಣಾಂವ ಇದ್ದಾಗೂ ಹಿಂಗೇ ಇದ್ದ, ನೆನಪದ ಇಲ್ಲ?”

ನೆನಪಿಲ್ಲ.

ಒಳಗೆ ಹೋದೆ. ಈಶಪ್ಪ ಎದ್ದು ನಿಂತ. ಕೊರಳ ಗುಂಡಿ ಹಾಕಿಕೊಂಡ. ಲಾರಿಯವರು ಬೀಡಿಗಳನ್ನು ಹೊಸಕಿ ಎದ್ದರು.

“ಕೈಯಿಂದ ನಡೆಸುವುದನ್ನು ತೆಗೆದಿರಿಸಿದ್ದಾರೆ. ಬಾ, ನೀನೇ ಕುಳಿತು ನೋಡು. ಈ ಸಲ ನೀನು ಹೇಳಿದಂತೆ.”

“ಪೀರಪ್ಪ ಛಲೋ ನಡಸ್ತಾನಂತಲ್ರಿ. ಅಂವನ ಅನ್ನ ಯಾಕ ಕಸಗೊಳ್ಳಾದು.” ನೆಲ ನೋಡಿದ. “ನನಗ ಇಲ್ಲಿ...”

ಕಾದೆ. ಹೇಳಲಿಲ್ಲ. ಸಂಜೆಯ ಬಸ್ಸಿಗೆ ಒಬ್ಬನೇ ಹೊರಟೆ.

ಆಗಸ್ಟ್ ೨೬, ಬೆಳಗ್ಗೆ

ಈ ಪುಟಗಳಲ್ಲಿ ಆಗಬೇಕಾದ ತಿದ್ದುಪಡಿಗಳು:

ಜೂನ್ ೨೨ — ‘ಮಿತಭಾಷಿ’ ಎಂದಿದೆ. ತಪ್ಪು.

ಜೂನ್ ೨೭ — ‘ಸಮ್ಮತಿಸಿದ’ ಎಂದಿದೆ. ಸಮ್ಮತಿಸಲಿಲ್ಲ. ನನ್ನ ಮಾನ ಕಾಪಾಡಿದ.

ಜುಲೈ ೨೪ — ‘ತಡೆದೆ’ ಎಂದಿದೆ. ತಡೆಯಲಿಲ್ಲ. ಅವನ ಚೀಲವನ್ನು ನಾನೇ ಬಸ್ಸಿಗೆ ಏರಿಸಿಕೊಟ್ಟೆ. ಮನಸ್ಸು ಹಗುರಾಯಿತೆನಿಸಿತ್ತು.

ಆಗಸ್ಟ್ ೨೫ — ‘ಕಾದೆ. ಹೇಳಲಿಲ್ಲ’ ಎಂದಿದೆ. ಕಾದದ್ದು ಒಂದು ಗಳಿಗೆ ಮಾತ್ರ. ಅವನು ತಲೆಯೆತ್ತಿದ್ದ. ಬಾಯಿಯನ್ನೂ ತೆರೆದಿದ್ದ. ಅಷ್ಟರಲ್ಲಿ ನಾನೇ ‘ಕಸಿದುಕೊಳ್ಳುವುದು, ಹಾಗೆ ಹೇಳು’ ಎಂದು ತಿದ್ದಿಬಿಟ್ಟೆ.