ಜೋಮು ಹಿಡಿದ ಬೆರಳು

ಮಾರ್ಚ್ 4, ಬೆಳಿಗ್ಗೆ

ಮಾತ್ರೆ. ವಾಂತಿ. ಬಾಯಿ ತೊಳೆದು ಹೊಲಿಗೆ ಅಂಗಡಿಗೆ. ಮಾಮೂಲಿ ಔಷಧಿಗೆ ಬಗ್ಗದ ಟಿಬಿಯಂತೆ ನನ್ನದು. ಇರಲಿ, ನಾನೂ ಬಗ್ಗುವವಳಲ್ಲ. ಕಫದಲ್ಲಿ ಈಗ ರೋಗಾಣು ಇಲ್ಲ, ಕೆಲಸಕ್ಕೆ ಹೋಗಬಹುದು ಎಂದಿದ್ದಾರೆ ಡಾಕ್ಟರು. ಅಷ್ಟು ಸಾಕು.

ಮಾರ್ಚ್ 9

ಬಿಳಿ ಶರ್ಟಿಗೆ ಗುಂಡಿ ಹಾಕುತ್ತಿದ್ದೆ. ಬಟ್ಟೆಯ ಮೇಲೆ ಕೆಂಪು ಚುಕ್ಕೆ. ಸೂಜಿ ಬೆರಳಿಗೆ ಇಳಿದಿದೆ, ಗೊತ್ತೇ ಆಗಿಲ್ಲ.

"ಏನಮ್ಮ, ಕಣ್ಣೆಲ್ಲಿಟ್ಟಿದ್ದೆ?" ಎಂದರು ಮಾಸ್ಟರ್.

ಕಣ್ಣಲ್ಲ ಸ್ವಾಮಿ, ಬೆರಳು ಸತ್ತಿದೆ... ಎಂದುಕೊಂಡು ಚುಕ್ಕೆಗೆ ನೀರು ಹಚ್ಚಿ ಉಜ್ಜಿದೆ.

ಮಾರ್ಚ್ 10

ಆಸ್ಪತ್ರೆಯಲ್ಲಿ ನರ್ಸಿಗೆ ಬೆರಳಿನ ವಿಷಯ ಹೇಳಿದೆ.

"ಆ ಮಾತ್ರೆಗೆ ಜೋಮು ಎಲ್ರಿಗೂ ಬರುತ್ತೆ ಕಣಮ್ಮ. ಜೀವ ಮುಖ್ಯನಾ, ಬೆರಳು ಮುಖ್ಯನಾ?"

ತಲೆ ಎತ್ತಿಯೂ ನೋಡಲಿಲ್ಲ. ಬೆರಳೇ ನನ್ನ ಜೀವನ ಎಂದು ಯಾರಿಗೆ ಹೇಳಲಿ?

ಮಾರ್ಚ್ 12

ನಿಲ್ಲಿಸಿದೆ. ಎಲ್ಲ ಮಾತ್ರೆಗಳನ್ನೂ. ಅತ್ತೆಯ ಎದುರು ಬಾಯಿಗೆ ಹಾಕಿಕೊಂಡು ಬಚ್ಚಲಲ್ಲಿ ಉಗಿದೆ.

ಏಪ್ರಿಲ್ 2

ವಾಂತಿ ಇಲ್ಲ. ಹೊಟ್ಟೆ ತುಂಬ ಊಟ!

"ಔಷಧಿ ಹಿಡೀತು ನೋಡು, ಮುಖ ತುಂಬ್ಕೊಂಡಿದೆ," ಎಂದರು ಅತ್ತೆ.

ನಗು ತಡೆದುಕೊಂಡೆ. ಬೆರಳು ಮಾತ್ರ ಇನ್ನೂ ಹಾಗೇ.

ಮೇ 16

ಜ್ವರ. ಕೆಮ್ಮು ಮತ್ತೆ ಬಂತು. ಅಂಗಡಿಗೆ ಹೋಗುತ್ತಿಲ್ಲ. ಅತ್ತೆಗೆ ಎಲ್ಲ ಹೇಳಿಬಿಟ್ಟೆ.

"ಸಾಯೋ ಆಸೆನಾ ನಿಂಗೆ?"

"ಬದುಕೋ ಆಸೆ ಅತ್ತೆ. ಅದಕ್ಕೇ ಬಿಟ್ಟೆ."

ಬೈಯಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಚಿವುಟಿದರು. "ಇದು ಗೊತ್ತಾಗುತ್ತಾ? ಇದು?"

ಗೊತ್ತಾಗಲಿಲ್ಲ. ಅತ್ತವರು ಅವರು.

ಮೇ 18

"ಮತ್ತೆ ಶುರು ಮಾಡಿ. ಹೊರಗೆ ಮಾತ್ರೆ ಕೊಡ್ತಾರೆ," ಎಂದರು ಡಾಕ್ಟರು.

"ನನ್ನ ಬೆರಳು ನೋಡೋವರೆಗೂ ಏಳಲ್ಲ."

ಕ್ಯೂ ಗೊಣಗಿತು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಸ್ವಲ್ಪ ತಡ್ಕೊಳ್ಳಿ. ನನ್ನ ಸೊಸೆ ಮಾತಾಡ್ತಿದಾಳೆ."

ಡಾಕ್ಟರು ಕಣ್ಣು ಮುಚ್ಚಿಸಿ, ಸೂಜಿಯ ಮೊನೆ ತಾಗಿಸುತ್ತ ಹೋದರು. ಬಹಳ ಹೊತ್ತು.

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ದೆ."

ಜೋಮು ತರುವ ಮಾತ್ರೆ ತೆಗೆದು ಬೇರೆ ಬರೆದರು. ಕಫದ ಪರೀಕ್ಷೆ, ಔಷಧಿ — ಎಲ್ಲ ಮತ್ತೆ ಮೊದಲಿಂದ. ಬೆರಳು ಸರಿಹೋಗುತ್ತದೋ ಇಲ್ಲವೋ ಗೊತ್ತಿಲ್ಲ ಎಂದರು. ಸುಳ್ಳು ಹೇಳಲಿಲ್ಲವಲ್ಲ, ಅದು ಹಿಡಿಸಿತು.

ಮೇ 19, ಬೆಳಿಗ್ಗೆ

ಅತ್ತೆ ನೀರು ಹಿಡಿದು ನಿಂತಿದ್ದಾರೆ.

"ನುಂಗಿದ ಮೇಲೆ ಬಾಯಿ ತೆಗೆದು ತೋರಿಸ್ಲಾ?"

"ಬೇಡ. ನೀನು ಹೇಳಿದ್ರೆ ಸಾಕು."

ನುಂಗುತ್ತೇನೆ. ಹೆದರಿ ಅಲ್ಲ, ಜಗಳವಾಡಿ ಪಡೆದದ್ದು ಇದು. ಮೊದಲನೆಯದು ಒಳಗೆ ಹೋಯಿತು. ಎರಡನೆಯದು ಇಷ್ಟು ದಪ್ಪ — ಇದನ್ನು ಮಾಡಿದವನು ಕೈಗೆ ಸಿಕ್ಕರೆ ಬಿಡುವವಳಲ್ಲ. ಅದನ್ನೂ ನುಂಗಿದೆ.